ನಮ್ಮ ಹೆಸರು ಬರೆಯುವವರು ಯಾರು? – ಹಾಜರಿ ಪುಸ್ತಕದಿಂದ ಮೊಬೈಲ್‌ವರೆಗೆ



ಮೊಬೈಲ್ ಬಗ್ಗೆ ನಿಮಗೆ ಬುದ್ಧಿ ಹೇಳುವವರು ಬಹಳ ಮಂದಿ. ಕಾಲೇಜಿನಲ್ಲಿ ಹೇಳುತ್ತಾರೆ, ಮನೆಯಲ್ಲಿ ಹೇಳುತ್ತಾರೆ, ಪೊಲೀಸರು ಬಂದು ಭಾಷಣ ಮಾಡಿ ಹೋಗುತ್ತಾರೆ. ಪಾಸ್‌ವರ್ಡ್ ಯಾರಿಗೂ ಕೊಡಬ್ಯಾಡ, ಕಂಡಕಂಡದ್ದು ಹಾಕಬ್ಯಾಡ, ಹೆಸರು ಕೆಟ್ಟೀತು ಹುಷಾರ್ ಅನ್ನುತ್ತಾರೆ. ಮಾತು ಖರೇನೇ. ಆದರೆ ಆ ಭಾಷಣದಲ್ಲಿ ಒಂದು ವಿಷಯ ಬರುವುದಿಲ್ಲ. ಎಲ್ಲರ ಹೆಸರೂ ಒಂದೇ ಥರ ಕೆಡುವುದಿಲ್ಲ. ಕೆಲವರ ಹೆಸರು ಅವರು ತಪ್ಪು ಮಾಡಿದರೆ ಕೆಡುತ್ತದೆ. ಇನ್ನು ಕೆಲವರ ಹೆಸರನ್ನು ಅವರು ಹುಟ್ಟುವ ಮೊದಲೇ ಯಾರೋ ಕೆಡಿಸಿ ಬರೆದಿಟ್ಟಿರುತ್ತಾರೆ. ನಾವು ಎರಡನೇ ಸಾಲಿನವರು. ಹಂಗಾಗಿ ಆನ್‌ಲೈನ್‌ನಲ್ಲಿ ಹೆಸರು ಕಾಪಾಡಿಕೊಳ್ಳುವ ಪಾಠವನ್ನು ನಾವು ನಮ್ಮ ಇತಿಹಾಸದಿಂದಲೇ ಕಲಿಯಬೇಕು. ಆ ಇತಿಹಾಸ ದೂರ ಎಲ್ಲೋ ಇಲ್ಲ, ಸೋಲಾಪುರದಲ್ಲೇ, ಅಕ್ಕಲಕೋಟದಲ್ಲೇ ಇದೆ.

ಸೆಟಲ್‌ಮೆಂಟಿನ ಹಾಜರಿ

ಸೋಲಾಪುರದಲ್ಲಿ ರಿಕ್ಷಾದವರಿಗೆ "ಸೆಟಲ್‌ಮೆಂಟ್" ಅಂದರೆ ಸಾಕು, ಕರೆದುಕೊಂಡು ಹೋಗುತ್ತಾರೆ. ಆ ಹೆಸರು ಎಲ್ಲಿಂದ ಬಂತು ಅಂತ ಇಂದಿನ ಹುಡುಗರು ಅನೇಕರಿಗೆ ಗೊತ್ತಿಲ್ಲ. 1871ರ ಅಕ್ಟೋಬರ್ 12ರಂದು ಬ್ರಿಟಿಷ್ ಸರಕಾರ "ಅಪರಾಧಿ ಬುಡಕಟ್ಟುಗಳ ಕಾಯ್ದೆ" ಅಂತ ಒಂದು ಕಾನೂನು ಮಾಡಿತು. ಮೊದಲು ಅದು ಉತ್ತರ ಹಿಂದೂಸ್ಥಾನದ ಕೆಲವು ಭಾಗಗಳಿಗೆ ಮಾತ್ರ ಇತ್ತು. 1911ರಲ್ಲಿ ಹೊಸ ಕಾಯ್ದೆ ಬಂದ ಮೇಲೆ ಮುಂಬೈ ಪ್ರಾಂತದಲ್ಲೂ ಬಲವಾಗಿ ಜಾರಿಗೆ ಬಂತು. 1924ರಲ್ಲಿ ಎಲ್ಲ ಸೇರಿಸಿ ಮತ್ತೊಂದು ಕಾಯ್ದೆ ಮಾಡಿದರು. ಸೋಲಾಪುರ, ಹುಬ್ಬಳ್ಳಿ, ಗದಗ, ವಿಜಯಪುರ ಈ ಊರುಗಳಲ್ಲಿ ಸೆಟಲ್‌ಮೆಂಟ್‌ಗಳು ಎದ್ದವು. ಸೋಲಾಪುರದ್ದು ದೊಡ್ಡದು. ಸುತ್ತಲೂ ತಂತಿಬೇಲಿ. ಕೈಕಾಡಿ, ಪಾರ್ಧಿ, ಕಂಜರಭಾಟ, ಭಾಮಟಾ, ಮಾಂಗ ಗಾರುಡಿ ಮುಂತಾದ ಜನರನ್ನು ಕುಟುಂಬ ಸಮೇತ ತಂದು ಅಲ್ಲಿ ಇಟ್ಟರು. ಹಗಲು ಹತ್ತಿಗಿರಣಿಯಲ್ಲಿ ಕೆಲಸ, ಕೆಲಸ ಮುಗಿಸಿ ಬಂದು ಹಾಜರಿ. ಹೊರಗೆ ಹೋಗಬೇಕಾದರೆ ಪಾಸ್ ಬೇಕು. ಬೆರಳಚ್ಚು ಕೊಡಬೇಕು.

ಇದರಲ್ಲಿ ನೀವು ಗಮನಿಸಬೇಕಾದದ್ದು ಬೇಲಿಯನ್ನಲ್ಲ, ಪುಸ್ತಕವನ್ನು. ಬೇಲಿ ಕಣ್ಣಿಗೆ ಕಾಣುತ್ತದೆ. ಪುಸ್ತಕ ಕಚೇರಿಯ ಮೇಜಿನ ಮೇಲೆ ಇರುತ್ತದೆ. ಆ ಪುಸ್ತಕದಲ್ಲಿ ನಿಮ್ಮ ಹೆಸರು ಬರಲು ನೀವು ಕಳವು ಮಾಡಬೇಕಾಗಿರಲಿಲ್ಲ. ಆ ಜಾತಿಯಲ್ಲಿ ಹುಟ್ಟಿದರೆ ಸಾಕಾಗಿತ್ತು. ಒಂದು ಪುಸ್ತಕದಿಂದ ಇನ್ನೊಂದಕ್ಕೆ, ಒಂದು ಠಾಣೆಯಿಂದ ಇನ್ನೊಂದಕ್ಕೆ ಆ ಹೆಸರು ನಕಲಾಗುತ್ತಾ ಹೋಯಿತು. ಬರೆದವನು ಕೇಳಲಿಲ್ಲ, ಬರೆಸಿಕೊಂಡವನಿಗೆ ಓದಲು ಬರುತ್ತಿರಲಿಲ್ಲ. ತನ್ನ ಬಗ್ಗೆ ಏನು ಬರೆದಿದೆ ಅಂತ ತಿಳಿಯದೆ, ಅದನ್ನು ತಿದ್ದಿಸಲು ಆಗದೆ ಒಂದು ತಲೆಮಾರು ಬದುಕಿತು, ಆಮೇಲೆ ಅದರ ಮಕ್ಕಳು ಬದುಕಿದರು.

1949ರಲ್ಲಿ ಮುಂಬೈ ಸರಕಾರ ಈ ಕಾಯ್ದೆ ತೆಗೆಯಿತು. 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ಹೋಯಿತು. ಅದಕ್ಕೇ ಆ ಜನರು ಇವತ್ತಿಗೂ ಆಗಸ್ಟ್ 31ನ್ನು ವಿಮುಕ್ತ ದಿನ ಅಂತ ಆಚರಿಸುತ್ತಾರೆ. ಆದರೆ ಕಾಯ್ದೆ ಹೋದಷ್ಟು ಸಲೀಸಾಗಿ ಹೆಸರು ಹೋಗಲಿಲ್ಲ. ಊರಲ್ಲಿ ಕಳವಾದರೆ ಮೊದಲು ಯಾರ ಮನೆ ಬಾಗಿಲು ಬಡಿಯುತ್ತಾರೆ? ನಿಮಗೇ ಗೊತ್ತು. ಕೆಟ್ಟ ಹೆಸರು ಒಮ್ಮೆ ದಾಖಲಾದರೆ, ದಾಖಲೆ ಹರಿದ ಮೇಲೂ ಅದು ಜನರ ಬಾಯಲ್ಲಿ ಉಳಿಯುತ್ತದೆ. ಇಂದಿನ ಮೊಬೈಲ್ ಕಾಲದ ಮೊದಲನೇ ಪಾಠ ಇದೇ.

ಸೆಟಲ್‌ಮೆಂಟಿನ ಹೊರಗಿದ್ದ ನಮ್ಮ ಕೇರಿಗಳ ಕಥೆಯೂ ಬಹಳ ಬೇರೆ ಏನಲ್ಲ. ಊರೊಳಗೆ ಒಬ್ಬ ಭೀಮಪ್ಪ, ಭೀಮರಾವ ಇದ್ದರೆ ಕೇರಿಯಲ್ಲಿದ್ದವನು ಭೀಮ್ಯಾ. ಊರೊಳಗೆ ರಾಮಪ್ಪ, ಕೇರಿಯಲ್ಲಿ ರಾಮ್ಯಾ. ಕರೆಯುವವನ ಬಾಯಲ್ಲೇ ನಮ್ಮ ಬೆಲೆ ನಿಗದಿಯಾಗುತ್ತಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮದೀಕ್ಷೆ ಆದ ಮೇಲೆ ನಮ್ಮ ಮನೆಗಳಲ್ಲಿ ಸಿದ್ಧಾರ್ಥ, ಗೌತಮ, ರಾಹುಲ, ಸುಜಾತಾ ಅಂತ ಹೆಸರು ಇಡತೊಡಗಿದ್ದು ಸುಮ್ಮನೆ ಅಲ್ಲ. ನಮ್ಮ ಹೆಸರು ನಾವೇ ಇಟ್ಟುಕೊಳ್ಳುತ್ತೇವೆ ಅನ್ನುವ ನಿರ್ಧಾರ ಅದು.

ಪೆನ್ನು ಕೈಗೆ ಬಂದದ್ದು

ಬಾಬಾಸಾಹೇಬರು ನಮಗೆ ಕೊಟ್ಟದ್ದು ಸಂವಿಧಾನ ಅಂತ ಎಲ್ಲರೂ ಹೇಳುತ್ತೇವೆ. ಅದಕ್ಕೂ ಮೂವತ್ತು ವರ್ಷ ಮೊದಲು ಅವರು ಪತ್ರಿಕೆ ಕೊಟ್ಟಿದ್ದರು. 1920ರ ಜನವರಿ 31ರಂದು "ಮೂಕನಾಯಕ" ಹೊರಬಂತು. ಕೊಲ್ಲಾಪುರದ ಶಾಹು ಮಹಾರಾಜರು ಅದಕ್ಕೆ 2500 ರೂಪಾಯಿ ಸಹಾಯ ಮಾಡಿದರು. ಆ ಪತ್ರಿಕೆ ಬರುತ್ತದೆ ಅಂತ ಜಾಹೀರಾತು ಹಾಕಲು ಹಣ ಕೊಡುತ್ತೇವೆ ಅಂದರೂ ಆಗಿನ ದೊಡ್ಡ ಪತ್ರಿಕೆ "ಕೇಸರಿ" ಒಪ್ಪಲಿಲ್ಲ. 1927ರ ಏಪ್ರಿಲ್ 3ಕ್ಕೆ "ಬಹಿಷ್ಕೃತ ಭಾರತ", 1930ರಲ್ಲಿ "ಜನತಾ", 1956ರಲ್ಲಿ ಅದೇ "ಪ್ರಬುದ್ಧ ಭಾರತ" ಆಯಿತು. ಬಡತನದಲ್ಲಿ, ಸಾಲದಲ್ಲಿ, ಒಂದು ನಿಂತರೆ ಇನ್ನೊಂದು ಶುರು ಮಾಡಿ ಅವರು ಪತ್ರಿಕೆ ನಡೆಸಿದರು. ಏಕೆ? ನಮ್ಮ ಬಗ್ಗೆ ಬೇರೆಯವರು ಬರೆದದ್ದಕ್ಕೆ ಉತ್ತರ ಕೊಡಲು ನಮ್ಮದೇ ಜಾಗ ಬೇಕಿತ್ತು.

ಇದರಲ್ಲಿ ನಮ್ಮ ಸೋಲಾಪುರಕ್ಕೂ ಪಾಲು ಇದೆ. 1924ರ ಜುಲೈ 20ರಂದು ಬಾಬಾಸಾಹೇಬರು ಮುಂಬೈಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಆ ಸಭಾ ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು, 1925ರಲ್ಲಿ ಸೋಲಾಪುರದಲ್ಲಿ ನಮ್ಮ ಹುಡುಗರಿಗಾಗಿ ವಸತಿಗೃಹ ತೆರೆದದ್ದು. ಹಾಜರಿ ಪುಸ್ತಕದಲ್ಲಿ ಬೆರಳಚ್ಚು ಒತ್ತಿಸಿಕೊಳ್ಳುತ್ತಿದ್ದ ಅದೇ ಊರಿನಲ್ಲಿ, ನಮ್ಮ ಹುಡುಗರು ತಮ್ಮ ಸಹಿ ತಾವೇ ಮಾಡಲು ಕಲಿಯುವ ಜಾಗವೂ ಎದ್ದಿತು.

ಈಗ ಮಹಾಡದ ವಿಷಯಕ್ಕೆ ಬರೋಣ. ಚವದಾರ ಕೆರೆಯ ಸತ್ಯಾಗ್ರಹ ನಿಮಗೆ ಗೊತ್ತು, 1927ರ ಮಾರ್ಚ್ 20. ಬಾಬಾಸಾಹೇಬರು ಕೆರೆಯ ನೀರು ಕುಡಿದರು, ಜೊತೆಗಿದ್ದ ಸಾವಿರಾರು ಜನ ಕುಡಿದರು. ಆಮೇಲೆ ಏನಾಯಿತು ಅನ್ನುವುದನ್ನು ಜಯಂತಿಯ ಭಾಷಣಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ನೀರು ಕುಡಿದು ಜನ ಊಟಕ್ಕೆ ಕೂತಿದ್ದ ಹೊತ್ತಿಗೆ ಊರಲ್ಲಿ ಒಂದು ಸುಳ್ಳು ಸುದ್ದಿ ಹಬ್ಬಿತು. ಇವರು ಈಗ ವೀರೇಶ್ವರ ದೇವಸ್ಥಾನದೊಳಗೆ ನುಗ್ಗುತ್ತಾರಂತೆ ಅಂತ. ಅಂಥ ಯೋಜನೆ ಯಾರಿಗೂ ಇರಲಿಲ್ಲ. ಆದರೆ ಆ ಒಂದು ಮಾತಿಗೆ ಕೋಲು ಹಿಡಿದು ಗುಂಪು ಬಂತು. ಊಟ ಮಾಡುತ್ತಿದ್ದವರನ್ನು, ಊರಿಗೆ ಹೊರಟವರನ್ನು ಹೊಡೆದರು.

ಆಗ ವಾಟ್ಸಾಪ್ ಇರಲಿಲ್ಲ, ಮೊಬೈಲೂ ಇರಲಿಲ್ಲ. ಆದರೂ ಸುಳ್ಳು ಸುದ್ದಿ ಬೇಗನೆ ಊರು ಸುತ್ತಿತ್ತು. ಇದಕ್ಕೆ ಬಾಬಾಸಾಹೇಬರು ಏನು ಮಾಡಿದರು ನೋಡ್ರಿ. ಅವರ ಜೊತೆ ಬಂದವರಲ್ಲಿ ಪಲಟಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಇದ್ದರು. ತಿರುಗಿ ಹೊಡೆಯುವ ತಾಕತ್ತು ಅವರಿಗಿತ್ತು. ಬಾಬಾಸಾಹೇಬರು ಅವರನ್ನು ತಡೆದರು. ಹಂಗಂತ ಬಾಯಿ ಮುಚ್ಚಿಕೊಂಡು ಮನೆಗೂ ಹೋಗಲಿಲ್ಲ. ಪೊಲೀಸರಿಗೆ ದೂರು ಹೋಯಿತು, ಹೊಡೆದವರಲ್ಲಿ ಕೆಲವರಿಗೆ ಶಿಕ್ಷೆಯಾಯಿತು. ಏಪ್ರಿಲ್ 3ಕ್ಕೆ "ಬಹಿಷ್ಕೃತ ಭಾರತ" ಶುರುವಾಯಿತು, ನಡೆದದ್ದೆಲ್ಲ ಅದರಲ್ಲಿ ಬರಹವಾಯಿತು. ಕೆರೆಯ ಹಕ್ಕಿನ ದಾವೆ ಒಂಬತ್ತು ವರ್ಷದ ಮೇಲೆ ನಡೆದು 1937ರ ಮಾರ್ಚ್‌ನಲ್ಲಿ ಮುಂಬೈ ಹೈಕೋರ್ಟಿನಲ್ಲಿ ನಮ್ಮ ಕಡೆಗೆ ತೀರ್ಪಾಯಿತು.

ಸಿಟ್ಟು ಬಂದಾಗ ತಡೆದುಕೊಂಡರು, ನಡೆದದ್ದನ್ನು ದಾಖಲೆ ಮಾಡಿದರು, ತಮ್ಮ ಹೆಸರು ಹಾಕಿ ಬರೆದರು, ಕೋರ್ಟು ಕೊನೆ ಮುಟ್ಟುವ ತನಕ ಬಿಡಲಿಲ್ಲ. ಈ ನಾಲ್ಕು ಮಾತನ್ನು ನೆನಪಿಡ್ರಿ. ಮುಂದೆ ಮೊಬೈಲ್ ಬಗ್ಗೆ ಹೇಳುವುದೆಲ್ಲ ಇವುಗಳಿಂದಲೇ ಬರುತ್ತದೆ.

ಹನ್ನೂರಿನ ಹುಡುಗ

ಅಕ್ಕಲಕೋಟ ತಾಲೂಕಿನ ಹನ್ನೂರು ನಮಗೆಲ್ಲ ಗೊತ್ತಿರುವ ಹಳ್ಳಿ. ಶರಣಕುಮಾರ ಲಿಂಬಾಳೆ 1956ರಲ್ಲಿ ಹುಟ್ಟಿದ್ದು ಅಲ್ಲೇ. ತಾಯಿ ನಮ್ಮ ಕೇರಿಯವಳು, ತಂದೆ ಮೇಲ್ಜಾತಿಯ ಪಾಟೀಲ. ಆ ತಂದೆ ಮಗನಿಗೆ ತನ್ನ ಹೆಸರು ಕೊಡಲು ತಯಾರಿರಲಿಲ್ಲ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಏನು ಬರೆಸಬೇಕು ಅನ್ನುವುದೇ ಆ ಹುಡುಗನಿಗೆ ದೊಡ್ಡ ಪ್ರಶ್ನೆಯಾಯಿತು. ಊರು ಅವನಿಗೆ ಒಂದು ಬೈಗುಳ ಇಟ್ಟಿತ್ತು, "ಅಕ್ಕರಮಾಶಿ". ಹನ್ನೆರಡು ಮಾಸಿ ಸೇರಿದರೆ ಒಂದು ತೊಲೆ. ಇವನು ಹನ್ನೊಂದೇ, ಪೂರ್ತಿ ಅಲ್ಲ, ಅಂತ ಅರ್ಥ.

1984ರಲ್ಲಿ ಆ ಹುಡುಗ ತನ್ನ ಆತ್ಮಕಥೆ ಬರೆದು ಪ್ರಕಟಿಸಿದ. ಪುಸ್ತಕದ ಹೆಸರು "ಅಕ್ಕರಮಾಶಿ". ಊರು ಬೈಯಲು ಇಟ್ಟುಕೊಂಡಿದ್ದ ಮಾತನ್ನು ಕಸಿದುಕೊಂಡು ತನ್ನ ಪುಸ್ತಕದ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿದ. ಆ ಪುಸ್ತಕ ಮರಾಠಿಯಿಂದ ಬೇರೆ ಭಾಷೆಗಳಿಗೆ ಹೋಯಿತು, ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಯಿತು. ಮುಂದೆ "ಸನಾತನ" ಕಾದಂಬರಿಗೆ ಅವರಿಗೆ 2020ನೇ ಸಾಲಿನ ಸರಸ್ವತಿ ಸಮ್ಮಾನ್ ಬಂತು.

ಇದನ್ನು ಯಾಕೆ ಹೇಳಿದೆನೆಂದರೆ, ಒಳ್ಳೆಯ ಹೆಸರು ಅಂದರೆ ಎಲ್ಲ ಮುಚ್ಚಿಟ್ಟುಕೊಂಡು ಚೊಕ್ಕ ಕಾಣುವುದು ಅಂತ ಕೆಲವರು ನಿಮಗೆ ಕಲಿಸುತ್ತಾರೆ. ಜಾತಿ ಹೇಳಬ್ಯಾಡ, ಬಾಬಾಸಾಹೇಬರ ಫೋಟೋ ಪ್ರೊಫೈಲಿಗೆ ಹಾಕಬ್ಯಾಡ, ನೌಕರಿ ಸಿಗಲಿಕ್ಕಿಲ್ಲ ಅನ್ನುತ್ತಾರೆ. ಹನ್ನೂರಿನ ಲಿಂಬಾಳೆ ಮುಚ್ಚಿಟ್ಟು ದೊಡ್ಡವರಾಗಲಿಲ್ಲ. ಆದರೆ ಇನ್ನೊಂದು ಮಾತೂ ಇದೆ. ಅವರು ಅದನ್ನು ಸಿಟ್ಟಿನ ಒಂದು ರಾತ್ರಿಯಲ್ಲಿ ಬರೆದು ಬಿಸಾಕಲಿಲ್ಲ. ಯಾವುದನ್ನು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು ಅಂತ ಅವರೇ ನಿರ್ಧಾರ ಮಾಡಿ, ತಮ್ಮ ಹೆಸರಿನ ಕೆಳಗೆ ಹೇಳಿದರು. ಹೇಳುವುದು, ಬಿಡುವುದು ನಮ್ಮ ಕೈಯಲ್ಲಿರಬೇಕು. ಹೆಸರು ಕಾಪಾಡಿಕೊಳ್ಳುವುದು ಅಂದರೆ ಇದು.

ಮೊಬೈಲ್ ಬಂದ ಮೇಲೆ

ಈಗ ನಮ್ಮ ಮಹಾರಾಷ್ಟ್ರದಲ್ಲೇ ನಡೆದ ಕೆಲವು ಘಟನೆ ನೋಡೋಣ.

2012ರ ನವೆಂಬರ್. ಬಾಳ ಠಾಕರೆ ತೀರಿಕೊಂಡಾಗ ಮುಂಬೈ ಬಂದ್ ಆಯಿತು. ಪಾಲಘರದ ಒಬ್ಬ ಹುಡುಗಿ ಆ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಒಂದು ಮಾತು ಬರೆದಳು, ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ದೇಶವೆಲ್ಲ ಗದ್ದಲವಾಯಿತು. ಇಂಥ ಬಂಧನಗಳಿಗೆ ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬರೆಯುವ ಹಕ್ಕು ಗೆದ್ದಿತು ಖರೆ. ಆದರೆ ಗೆಲ್ಲಲು ಎರಡು ವರ್ಷದ ಮೇಲೆ ಹಿಡಿಯಿತು. ಲೈಕ್ ಒತ್ತಲು ಒಂದು ಸೆಕೆಂಡ್ ಸಾಕಾಗಿತ್ತು.

2014ರ ಜೂನ್ 2. ಶಿವಾಜಿ ಮಹಾರಾಜರ, ಬಾಳ ಠಾಕರೆಯವರ ವಿಕೃತ ಚಿತ್ರಗಳನ್ನು ಯಾರೋ ಫೇಸ್‌ಬುಕ್‌ಗೆ ಹಾಕಿದ್ದರು. ಪುಣೆಯಲ್ಲಿ ಗಲಾಟೆ. ಹಡಪಸರದಲ್ಲಿ ಸಂಜೆ ನಮಾಜ್ ಮುಗಿಸಿ ಮನೆಗೆ ಹೊರಟಿದ್ದ ಒಬ್ಬ ಮುಸ್ಲಿಂ ತರುಣನನ್ನು ಗುಂಪು ಹೊಡೆದು ಕೊಂದಿತು. ಅವನು ನಮ್ಮ ಸೋಲಾಪುರದವನು, ಪುಣೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ಆ ಚಿತ್ರಗಳಿಗೂ ಅವನಿಗೂ ಏನೂ ಸಂಬಂಧ ಇರಲಿಲ್ಲ. ಅವನ ಟೊಪ್ಪಿಗೆ, ಗಡ್ಡ ನೋಡಿ ಅವನ ಹೆಸರನ್ನು ಗುಂಪೇ ಬರೆದುಬಿಟ್ಟಿತ್ತು. 2023ರಲ್ಲಿ ಆರೋಪಿಗಳು ಖುಲಾಸೆಯಾದರು.

2015ರ ಮೇ ತಿಂಗಳು, ಶಿರ್ಡಿ. ನರ್ಸಿಂಗ್ ಓದುತ್ತಿದ್ದ ನಮ್ಮ ಸಮಾಜದ ತರುಣನ ಮೊಬೈಲಿನಲ್ಲಿ ಬಾಬಾಸಾಹೇಬರ ಹಾಡಿನ ರಿಂಗ್‌ಟೋನ್ ಬಾರಿಸಿತು. ಅದರ ಮೇಲೆ ಜಗಳ ತೆಗೆದು ಅವನನ್ನು ಕೊಂದರು ಅಂತ ಕೇಸಾಯಿತು.

2018ರ ಜುಲೈ 1, ರವಿವಾರ. ಧುಳೆ ಜಿಲ್ಲೆಯ ರೈನಪಾಡಾ. ವಾರದ ಸಂತೆ. ಮಕ್ಕಳ ಕಳ್ಳರು ತಿರುಗಾಡುತ್ತಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಓಡಾಡುತ್ತಿತ್ತು. ಭಿಕ್ಷೆಗಾಗಿ ಊರೂರು ಸುತ್ತುವ ನಾಥಪಂಥಿ ಡವರಿ ಗೋಸಾವಿ ಸಮಾಜದ ಐದು ಜನ ಅಲ್ಲಿಗೆ ಹೋಗಿದ್ದರು. ಗುಂಪು ಅವರನ್ನು ಹಿಡಿದು ಗ್ರಾಮ ಪಂಚಾಯತಿ ಕೋಣೆಯೊಳಗೆ ಹಾಕಿ ಹೊಡೆದು ಕೊಂದಿತು. ಅವರಲ್ಲಿ ಹೆಚ್ಚಿನವರು ನಮ್ಮ ಸೋಲಾಪುರ ಜಿಲ್ಲೆಯ ಮಂಗಳವೇಢಾ ತಾಲೂಕಿನವರು. ಬಸವಣ್ಣನವರು ಕರಣಿಕರಾಗಿ ಕೆಲಸ ಮಾಡಿದ ಆ ಮಂಗಳವಾಡ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಲು ಬರುವಂತೆ ಮಿತಿ ಹಾಕಿತು. ಇವತ್ತು ನಿಮ್ಮ ಫೋನಿನಲ್ಲಿ "ಐದಕ್ಕಿಂತ ಹೆಚ್ಚು ಕಳಿಸಲು ಆಗುವುದಿಲ್ಲ" ಅಂತ ಬರುತ್ತದಲ್ಲ, ಅದರ ಹಿಂದೆ ಇಂಥ ಸಾವುಗಳಿವೆ.

ಈ ನಾಲ್ಕೂ ಘಟನೆಯನ್ನು ಸೆಟಲ್‌ಮೆಂಟಿನ ಪುಸ್ತಕದ ಪಕ್ಕದಲ್ಲಿ ಇಟ್ಟು ನೋಡ್ರಿ. ಡವರಿ ಗೋಸಾವಿಗಳು ಏನನ್ನೂ ಪೋಸ್ಟ್ ಮಾಡಿರಲಿಲ್ಲ. ಊರೂರು ಅಲೆಯುವ ಜನ ಕಳ್ಳರೇ ಇರಬೇಕು ಅನ್ನುವ 1871ರ ಮಾತು 2018ರಲ್ಲಿ ಮೊಬೈಲಿನಿಂದ ಮೊಬೈಲಿಗೆ ಹೋಯಿತು, ಅಷ್ಟೇ. ಹಾಗಾಗಿ "ನೀನು ಸರಿಯಾಗಿದ್ದರೆ ನಿನಗೇನೂ ಆಗೋದಿಲ್ಲ" ಅನ್ನುವ ಮಾತು ನಮ್ಮ ವಿಷಯದಲ್ಲಿ ಪೂರ್ತಿ ಸತ್ಯವಲ್ಲ. ತಪ್ಪು ಮಾಡಿದವರದು, ಗುರಿಯಾದವರದಲ್ಲ. ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಆ ಮಕ್ಕಳ ಕಳ್ಳರ ಮೆಸೇಜು ಆ ದಿನಗಳಲ್ಲಿ ನಮ್ಮ ಗಲ್ಲಿಯ ಗ್ರೂಪಿಗೂ ಬಂದಿರಬಹುದು. ಬಂದಿದ್ದರೆ ಎಷ್ಟು ಜನ ಓದಿ ಅಲ್ಲೇ ಬಿಟ್ಟರು, ಎಷ್ಟು ಜನ ಮುಂದಕ್ಕೆ ಕಳಿಸಿದರು?

ಹಂಗಾದ್ರ ಏನು ಮಾಡಬೇಕು?

ಮೊದಲನೇದು, ನಿಮ್ಮ ಬಗ್ಗೆ ಏನು ಬರೆದಿದೆ ಅಂತ ನೀವೇ ಓದ್ರಿ. ಸೆಟಲ್‌ಮೆಂಟಿನ ಅಜ್ಜನಿಗೆ ಆ ಪುಸ್ತಕ ನೋಡಲು ಸಿಗುತ್ತಿರಲಿಲ್ಲ. ನಿಮಗೆ ಸಿಗುತ್ತದೆ. ಗೂಗಲ್‌ನಲ್ಲಿ ನಿಮ್ಮ ಹೆಸರು ಹಾಕಿ, ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಹುಡುಕ್ರಿ. ಒಂಬತ್ತನೇ ಇಯತ್ತೆಯಲ್ಲಿ ತೆಗೆದು ಮರೆತುಬಿಟ್ಟ ಹಳೆಯ ಅಕೌಂಟ್ ಇದ್ದರೆ ಮುಚ್ಚಿಬಿಡ್ರಿ. ವಾಟ್ಸಾಪ್, ಇನ್‌ಸ್ಟಾಗ್ರಾಮ್ ಎರಡಕ್ಕೂ ಎರಡು ಹಂತದ ಪರಿಶೀಲನೆ ಹಚ್ಚಿಕೊಳ್ರಿ. ಓಟಿಪಿ ಕೇಳಿದವರು ಯಾರೇ ಇರಲಿ, ದೋಸ್ತನೇ ಇರಲಿ, ಕೊಡಬ್ಯಾಡ್ರಿ. ನಿಮ್ಮ ಅಕೌಂಟ್ ಬೇರೆಯವರ ಕೈಗೆ ಹೋದರೆ ನಿಮ್ಮ ಹೆಸರಿನಲ್ಲಿ ಅವರು ಮಾತಾಡುತ್ತಾರೆ.

ಗಡಿಭಾಗದವರಾದ ನಮಗೆ ಇನ್ನೊಂದು ತೊಂದರೆ ಇದೆ. ಕನ್ನಡ ಶಾಲೆಯಲ್ಲಿ ಒಂದು ಥರ ಹೆಸರು, ಮರಾಠಿ ದಾಖಲೆಯಲ್ಲಿ ಇನ್ನೊಂದು ಥರ, ಆಧಾರದಲ್ಲಿ ಇಂಗ್ಲಿಷಿನಲ್ಲಿ ಮೂರನೇ ಥರ. ಜಾತಿ ಪಡತಾಳಣಿಯ ಹೊತ್ತಿಗೆ ಒಂದು ಅಕ್ಷರಕ್ಕಾಗಿ ತಿಂಗಳುಗಟ್ಟಲೆ ತಿರುಗಬೇಕಾಗುತ್ತದೆ. ಎಲ್ಲ ಕಡೆ ಒಂದೇ ಹೆಸರು, ಒಂದೇ ಸ್ಪೆಲಿಂಗ್ ಇರುವಂತೆ ಈಗಲೇ ಮಾಡಿಸಿಕೊಳ್ರಿ. ಪಡತಾಳಣಿ ಪ್ರಮಾಣಪತ್ರ ಬಂತು, ಅಡ್ಮಿಷನ್ ಸಿಕ್ಕಿತು ಅಂತ ಖುಷಿಯಲ್ಲಿ ಆ ಕಾಗದದ ಫೋಟೋ ಸ್ಟೇಟಸ್‌ಗೆ ಹಾಕುತ್ತೀರಿ. ಖುಷಿ ಹಂಚಿಕೊಳ್ರಿ, ಕಾಗದ ಹಂಚಬ್ಯಾಡ್ರಿ. ಅದರಲ್ಲಿ ನಿಮ್ಮ ನಂಬರು, ಹುಟ್ಟಿದ ತಾರೀಖು, ವಿಳಾಸ ಎಲ್ಲ ಇರುತ್ತದೆ. ಆಧಾರ ಕಾರ್ಡಿಗೂ ಇದೇ ಮಾತು.

ಎರಡನೇದು, ಸಿಟ್ಟು ಬಂದಾಗ ಮಹಾಡವನ್ನು ನೆನೆಸಿಕೊಳ್ರಿ. ಯಾರೋ ಬಾಬಾಸಾಹೇಬರಿಗೆ ಬೈದು ಕಮೆಂಟ್ ಹಾಕಿರುತ್ತಾರೆ. ರಕ್ತ ಕುದಿಯುತ್ತದೆ. ತಿರುಗಿ ಅದಕ್ಕಿಂತ ಕೆಟ್ಟ ಮಾತು ಬರೆದರೆ ಕೇಸು ಅವನ ಮೇಲೆ ಅಷ್ಟೇ ಅಲ್ಲ, ನಿಮ್ಮ ಮೇಲೂ ಆಗುತ್ತದೆ. 2023ರ ಜೂನ್‌ನಲ್ಲಿ ಕೊಲ್ಲಾಪುರದಲ್ಲಿ ಕೆಲವು ಹುಡುಗರ ವಾಟ್ಸಾಪ್ ಸ್ಟೇಟಸ್‌ನಿಂದ ಇಡೀ ಪಟ್ಟಣದಲ್ಲಿ ಗಲಾಟೆಯಾಗಿ ಇಂಟರ್ನೆಟ್ ಬಂದ್ ಮಾಡಬೇಕಾಯಿತು. ಪೊಲೀಸ್ ಭರತಿಗೆ ಓಡಿ ಓಡಿ ತಯಾರಿ ಮಾಡುತ್ತಿರುವ ನಮ್ಮ ತಮ್ಮಂದಿರು ಇದನ್ನು ಬಹಳ ನೆನಪಿಡಬೇಕು. ಚಾರಿತ್ರ್ಯ ಪಡತಾಳಣಿಯಲ್ಲಿ ಒಂದು ಗುನ್ಹೆ ಕಂಡರೆ ಎರಡು ವರ್ಷದ ಶ್ರಮ ನೀರಲ್ಲಿ ಹೋದೀತು. ಸುಮ್ಮನಿರ್ರಿ ಅಂತ ನಾನು ಹೇಳುತ್ತಿಲ್ಲ. ಆ ರಾತ್ರಿ ಬರೆಯಬ್ಯಾಡ್ರಿ, ಮುಂಜಾನೆ ಬರೀರಿ ಅಂತ ಹೇಳುತ್ತಿದ್ದೇನೆ. ಪೂರ್ತಿ ಓದಿ, ಖಾತ್ರಿ ಮಾಡಿಕೊಂಡು, ಬೈಗುಳ ಇಲ್ಲದೆ, ನಿಮ್ಮ ಖರೇ ಹೆಸರಿನಲ್ಲಿ ಬರೀರಿ.

ಮೂರನೇದು, ಸಾಬೀತು ಇಡುವುದು. ಯಾರಾದರೂ ಜಾತಿ ಎತ್ತಿ ಬೈದರೆ, ನಿಮ್ಮ ಫೋಟೋ ತಿದ್ದಿ ಹಾಕಿದರೆ, ನಿಮ್ಮ ಹೆಸರಿನಲ್ಲಿ ಖೋಟಾ ಅಕೌಂಟ್ ತೆಗೆದರೆ ಮೊದಲು ಡಿಲೀಟ್ ಮಾಡಬ್ಯಾಡ್ರಿ. ಸ್ಕ್ರೀನ್‌ಶಾಟ್ ತೆಗೀರಿ. ಅದರಲ್ಲಿ ತಾರೀಖು, ವೇಳೆ, ಬರೆದವರ ಅಕೌಂಟಿನ ಹೆಸರು ಕಾಣಬೇಕು. ಪೋಸ್ಟಿನ ಲಿಂಕ್ ಕಾಪಿ ಮಾಡಿ ಇಟ್ಟುಕೊಳ್ರಿ. ಆ ಫೋನನ್ನು ಮಾರಬ್ಯಾಡ್ರಿ, ಫಾರ್ಮ್ಯಾಟ್ ಮಾಡಬ್ಯಾಡ್ರಿ. ಕೋರ್ಟಿನಲ್ಲಿ ಇಂಥ ಸಾಬೀತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ವಕೀಲರು ಮಾಡಿಕೊಡುತ್ತಾರೆ, ಆದರೆ ಮೂಲ ಫೋನ್ ಇರಬೇಕು.

ನಾಲ್ಕನೇದು, ಕಾನೂನು ಗೊತ್ತಿರಬೇಕು. ಎಲ್ಲರ ಎದುರಿಗೆ ಜಾತಿ ಹೆಸರೆತ್ತಿ ಅವಮಾನ ಮಾಡುವುದು 1989ರ ಅಟ್ರಾಸಿಟಿ ಕಾಯ್ದೆಯ 3(1)(ಆರ್) ಮತ್ತು 3(1)(ಎಸ್) ಕಲಮಿನ ಕೆಳಗೆ ಗುನ್ಹೆ. ಇಂಟರ್ನೆಟ್ಟಿಗೆ ಹಾಕಿದ್ದೂ ಎಲ್ಲರ ಎದುರಿಗೆ ಆಡಿದಂತೆಯೇ ಅಂತ 2022ರಲ್ಲಿ ಕೇರಳ ಹೈಕೋರ್ಟ್ ಒಂದು ಕೇಸಿನಲ್ಲಿ ಹೇಳಿತು. ನಿಮ್ಮ ಹೆಸರು, ಪಾಸ್‌ವರ್ಡ್ ಕದ್ದು ಬಳಸಿದರೆ ಐಟಿ ಕಾಯ್ದೆಯ 66ಸಿ, ಬೇರೆಯವರಂತೆ ನಟಿಸಿ ಮೋಸ ಮಾಡಿದರೆ 66ಡಿ, ಒಪ್ಪಿಗೆ ಇಲ್ಲದೆ ಖಾಸಗಿ ಚಿತ್ರ ತೆಗೆದರೆ, ಹಂಚಿದರೆ 66ಇ. ಈ ಮೂರಕ್ಕೂ ಮೂರು ವರ್ಷದವರೆಗೆ ಶಿಕ್ಷೆ ಇದೆ. ಸರಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಲ್ಲಿ ಕೂತೇ ದೂರು ಕೊಡಬಹುದು. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಹಚ್ಚಬೇಕು. ಹದಿನೆಂಟರೊಳಗಿನ ಮಕ್ಕಳಿಗೆ 1098 ಇದೆ. ಗ್ರೂಪ್ ಅಡ್ಮಿನ್ ಆಗಲು ಹೆದರುವವರಿಗೂ ಒಂದು ಮಾತು. ಬೇರೆ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ತಾನಾಗಿ ಗುನ್ಹೆಗಾರ ಆಗುವುದಿಲ್ಲ ಅಂತ ಮುಂಬೈ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. ಆದರೂ ಸುಳ್ಳು ಸುದ್ದಿ, ಕೆಟ್ಟ ಮಾತು ಕಂಡರೆ ತೆಗೆದುಹಾಕುವುದು ಅಡ್ಮಿನ್‌ನ ಧರ್ಮ.

ಅವ್ವ-ಅಪ್ಪಂದಿರಿಗೆ ಒಂದು ಮಾತು

ಇದನ್ನು ಮನೆಯ ಹಿರಿಯರು ಓದಬೇಕು. ಮಗಳ ಫೋಟೋವನ್ನು ಯಾವನೋ ತಿದ್ದಿ ಹಾಕಿದ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಮೊದಲು ಆಗುವುದು ಏನು? ಅವಳ ಮೊಬೈಲ್ ಕಸಿದುಕೊಳ್ಳುತ್ತಾರೆ. ಆಮೇಲೆ ಕಾಲೇಜು ಬಿಡಿಸುತ್ತಾರೆ. ಆಮೇಲೆ ಲಗ್ನದ ಮಾತು ತೆಗೆಯುತ್ತಾರೆ. ಗುನ್ಹೆ ಮಾಡಿದವನು ಊರಲ್ಲಿ ತಿರುಗಾಡುತ್ತಿರುತ್ತಾನೆ, ಶಿಕ್ಷೆ ಮಗಳಿಗೆ ಆಗುತ್ತದೆ. ಇದಕ್ಕೇ ಹೆದರಿ ಹುಡುಗಿಯರು ಮನೆಯಲ್ಲಿ ಹೇಳುವುದಿಲ್ಲ, ಹೆದರಿಸುವವನಿಗೆ ಹಣ ಕೊಡುತ್ತಾರೆ, ಅವನು ಹೇಳಿದಂಗ ಕೇಳುತ್ತಾರೆ. ಸಾಲದ ಆ್ಯಪ್‌ಗಳು ಫೋನಿನಲ್ಲಿದ್ದ ನಂಬರುಗಳಿಗೆಲ್ಲ ತಿದ್ದಿದ ಫೋಟೋ ಕಳಿಸಿ ಹೆದರಿಸುವುದೂ ಇದೇ ಧೈರ್ಯದ ಮೇಲೆ, ಇವರು ಮಾನಕ್ಕೆ ಅಂಜಿ ಯಾರಿಗೂ ಹೇಳುವುದಿಲ್ಲ ಅಂತ.

ಮಾನ ಹೋಗಬೇಕಾದದ್ದು ಹಾಕಿದವನದು. ಅದಕ್ಕೆ ಮಗಳಿಗೆ ಮೊದಲು ಹೇಳಬೇಕಾದ ಮಾತು, "ತಪ್ಪು ನಿಂದಲ್ಲ ಯವ್ವಾ, ನಾವು ಅದೀವಿ." ಆಮೇಲೆ ಸ್ಕ್ರೀನ್‌ಶಾಟ್, ಆಮೇಲೆ ಆ ಕಂಪನಿಗೆ ರಿಪೋರ್ಟ್, ಆಮೇಲೆ ಠಾಣೆ. ಅಂಥ ಚಿತ್ರದ ಬಗ್ಗೆ ದೂರು ಬಂದರೆ ಕಂಪನಿ 24 ಗಂಟೆಯೊಳಗೆ ತೆಗೆಯಬೇಕು ಅಂತ 2021ರ ಐಟಿ ನಿಯಮಗಳೇ ಹೇಳಿದವು. ಈ ಠಾಣೆಗೆ ಬರುವುದಿಲ್ಲ ಅಂತ ತಿರುಗಿ ಕಳಿಸಿದರೆ ಶೂನ್ಯ ಎಫ್‌ಐಆರ್ ಕೇಳಬೇಕು. ಯಾವ ಠಾಣೆಯಲ್ಲಾದರೂ ದೂರು ಬರೆಸುವ ಹಕ್ಕು 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ 173ನೇ ಕಲಮಿನಲ್ಲೇ ಬರೆದಿದೆ. ಒಬ್ಬಳನ್ನೇ ಕಳಿಸಬ್ಯಾಡ್ರಿ. ಸಂಘದ ನಾಲ್ಕು ಮಂದಿ ಜೊತೆಗೆ ಹೋದರೆ ಠಾಣೆಯಲ್ಲಿ ಕುರ್ಚಿ ಸಿಗುತ್ತದೆ.

ಸಂಘ ಮಾಡಬೇಕಾದ ಕೆಲಸ

ಜಯಂತಿಗೆ ನಾವು ಡಿಜೆಗೆ, ಬ್ಯಾನರಿಗೆ ಖರ್ಚು ಮಾಡುತ್ತೇವೆ. ಅದರ ಸಣ್ಣ ಪಾಲು ಈ ಕೆಲಸಕ್ಕೂ ಇರಲಿ. ತಿಂಗಳಿಗೆ ಒಂದು ರವಿವಾರ ಸಮಾಜ ಮಂದಿರದಲ್ಲಿ ಒಂದು ತಾಸು ಕೂಡೋಣ. ಕಂಪ್ಯೂಟರ್ ಕಲಿತ ಅಣ್ಣ ಒಬ್ಬ, ಅಕ್ಕ ಒಬ್ಬಳು ಇರಲಿ. ಹುಡುಗಿಯರು ಅಕ್ಕನ ಹತ್ತಿರ ಸಂಕೋಚ ಬಿಟ್ಟು ಹೇಳುತ್ತಾರೆ. ಎಂಟನೇ ಇಯತ್ತೆಯ ಮಕ್ಕಳಿಂದ ಹಿಡಿದು ಎಲ್ಲರೂ ತಮ್ಮ ಫೋನು ತಂದು, ಎರಡು ಹಂತದ ಪರಿಶೀಲನೆ ಅಲ್ಲೇ ಹಚ್ಚಿಕೊಂಡು ಹೋಗಲಿ. ವಕೀಲರ ನಂಬರು, ಠಾಣೆಯ ನಂಬರು, 1930, 1098 ಗೋಡೆಯ ಮೇಲೆ ಬರೆದಿರಲಿ. ಒಂದು ವಹಿಯನ್ನೂ ಇಡೋಣ. ಯಾರಿಗೆ ಏನಾಯಿತು, ಯಾವ ತಾರೀಖಿಗೆ, ಯಾವ ಠಾಣೆಗೆ ದೂರು ಕೊಟ್ಟೆವು, ಏನು ಉತ್ತರ ಬಂತು ಅಂತ, ಆ ವ್ಯಕ್ತಿಯ ಒಪ್ಪಿಗೆ ತೆಗೆದುಕೊಂಡು, ಬೀಗ ಹಾಕಿದ ಕಪಾಟಿನಲ್ಲಿ.

ಸೆಟಲ್‌ಮೆಂಟಿನಲ್ಲಿ ಇದ್ದದ್ದೂ ಒಂದು ವಹಿ. ಅದನ್ನು ಬೇರೆಯವರು ಬರೆದರು, ನಮ್ಮವರನ್ನು ಕೇಳದೆ, ನಮ್ಮವರ ವಿರುದ್ಧ. ನಮ್ಮ ಸಂಘದ ವಹಿ ನಾವು ಬರೆಯುವುದು, ಕೇಳಿ ಬರೆಯುವುದು, ನಮ್ಮವರ ರಕ್ಷಣೆಗಾಗಿ ಬರೆಯುವುದು. ನೂರು ವರ್ಷದ ಹಿಂದೆ ಸೋಲಾಪುರದ ವಸತಿಗೃಹದಲ್ಲಿ ಸಹಿ ಮಾಡಲು ಕಲಿತ ಆ ಹುಡುಗರ ಮೊಮ್ಮಕ್ಕಳು, ಮರಿಮಕ್ಕಳು ನೀವು. ನಿಮ್ಮ ಕೈಯಲ್ಲಿರುವ ಆ ಸಣ್ಣ ಯಂತ್ರದಲ್ಲಿ ಮೂಕನಾಯಕನಷ್ಟೇ ಶಕ್ತಿ ಇದೆ, ಹಾಜರಿ ಪುಸ್ತಕದಷ್ಟೇ ಅಪಾಯವೂ ಇದೆ. ಈ ವಾರ್ಷಿಕೋತ್ಸವ ಮುಗಿದು ಮನೆಗೆ ಹೋದ ಮೇಲೆ ಮೊದಲು ನಿಮ್ಮ ಹೆಸರು ಹುಡುಕಿ ನೋಡ್ರಿ. ಆಮೇಲೆ ಮನೆಯಲ್ಲಿ ಅವ್ವನ ಫೋನು, ತಮ್ಮನ ಫೋನು ಸರಿ ಮಾಡಿಕೊಡ್ರಿ. ಬರುವ ರವಿವಾರ ಸಮಾಜ ಮಂದಿರದಲ್ಲಿ ಕೂಡೋಣ.

ಜೈ ಭೀಮ್.